ಸೃಷ್ಟಿಯಲ್ಲಿ ವಿಶ್ವಾಸ, ಜೀವಿಗಳಲ್ಲಿ ವಿನ್ಯಾಸ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕ್ರೈಸ್ತ ವಿಶ್ವಾಸದ ಯಾವುದಾದರೂ ಒಂದು ಮುಖವನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಈ ಸಭೆಯಲ್ಲಿ ಎಲ್ಲ ಮತಧರ್ಮಗಳವರೂ ಕುಳಿತಿದ್ದೀರಿ. ಆದುದರಿಂದ ನಮ್ಮ ಜನಕ್ಕೆ ಮಾತ್ರ ಸಂಬಂಧಿಸಿದ ವಿಚಾರವನ್ನು ಬಿಟ್ಟು, ಪಾಠಶಾಲೆಯಲ್ಲಿ ಎಲ್ಲರನ್ನೂ ತಟ್ಟುವ ಒಂದು ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಜೀವಿಗಳನ್ನು ದೇವರು ಸೃಷ್ಟಿಸಿದನೆಂದು ನಂಬುವ ಮನೆಯ ಮಗುವು ಜೀವಶಾಸ್ತ್ರದ ಪುಸ್ತಕದಲ್ಲಿ ವಿಕಾಸದ ಪಾಠವನ್ನು ಓದುವಾಗ ಏನು ಮಾಡಬೇಕು? ಇದೇ ಆ ಪ್ರಶ್ನೆ.

ಬಹಳಷ್ಟು ಮಕ್ಕಳು ಇದಕ್ಕೆ ತಾವೇ ಒಂದು ಉಪಾಯ ಕಂಡುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಒಂದನ್ನು ಬರೆಯುತ್ತಾರೆ, ಭಾನುವಾರ ಇನ್ನೊಂದನ್ನು ಹೇಳುತ್ತಾರೆ. ಹಿರಿಯರಾದ ನಾವು ಅದನ್ನು ಜಾಣತನವೆಂದು ಭಾವಿಸಿ ಸುಮ್ಮನಾಗುತ್ತೇವೆ. ಆದರೆ ಒಂದು ಕಟ್ಟಡದೊಳಗೆ ಸತ್ಯವಾದುದು ಇನ್ನೊಂದು ಕಟ್ಟಡದೊಳಗೆ ಸುಳ್ಳಾಗಬಹುದೆಂದು ಎಳೆಯ ವಯಸ್ಸಿನಲ್ಲೇ ಕಲಿತ ಮಗುವು ಕಾಲಕ್ರಮದಲ್ಲಿ ಎರಡರಲ್ಲಿಯೂ ನಂಬಿಕೆ ಕಳೆದುಕೊಳ್ಳುತ್ತದೆ. 2023ರಲ್ಲಿ ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ, ಧರ್ಮಶ್ರದ್ಧೆಯುಳ್ಳ ಕೆಲವರು ಸಮಾಧಾನಪಟ್ಟರೆ ಆಶ್ಚರ್ಯವಿಲ್ಲ. ನನಗೆ ಸಮಾಧಾನವಾಗಲಿಲ್ಲ. ಪಾಠವನ್ನು ತೆಗೆದುಹಾಕಿದರೆ ಪ್ರಶ್ನೆ ಹೋಗುವುದಿಲ್ಲ. ಅದನ್ನು ಗುರುಗಳ ಮುಂದೆ ಕೇಳುವ ಅವಕಾಶವಷ್ಟೇ ಹೋಗುತ್ತದೆ.

ಮೊದಲು ಕ್ರೈಸ್ತ ವಿಶ್ವಾಸವು ನಿಜವಾಗಿ ಹೇಳುವುದೇನೆಂಬುದನ್ನು ನೋಡೋಣ. ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ತಾನು ಉಂಟುಮಾಡಿದುದನ್ನು ನೋಡಿ ಒಳ್ಳೆಯದೆಂದು ಕಂಡನೆಂಬ ಮಾತು ಏಳು ಬಾರಿ ಬರುತ್ತದೆ. ಅದೇ ಅಧ್ಯಾಯದಲ್ಲಿ ಗಿಡಮರಗಳನ್ನೂ ಪ್ರಾಣಿಗಳನ್ನೂ ಹೊರತರುವಂತೆ ದೇವರು ಭೂಮಿಗೇ ಆಜ್ಞೆ ಕೊಡುತ್ತಾನೆ. ಎಂದರೆ ಸೃಷ್ಟಿಕರ್ತನು ಕೆಲಸವನ್ನೆಲ್ಲ ತಾನೊಬ್ಬನೇ ಹಿಡಿದಿಟ್ಟುಕೊಳ್ಳುವುದಿಲ್ಲ. ಸೃಷ್ಟಿಗೂ ಕೆಲಸ ಕೊಡುತ್ತಾನೆ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷನಾಗಿದ್ದ ಸಂತ ಅಗಸ್ಟೀನನು ಆದಿಕಾಂಡಕ್ಕೆ ದೊಡ್ಡದೊಂದು ವ್ಯಾಖ್ಯಾನ ಬರೆದನು. ದೇವರು ಆದಿಯಲ್ಲಿ ಅನೇಕವನ್ನು ಬೀಜರೂಪದಲ್ಲಿ ಇಟ್ಟನು, ಅವು ತಕ್ಕ ಕಾಲದಲ್ಲಿ ಪ್ರಕಟವಾದುವು ಎಂಬುದು ಅವನ ಅಭಿಪ್ರಾಯ. ಭೂಮಿ, ಆಕಾಶ, ಪ್ರಾಣಿಗಳ ವಿಷಯದಲ್ಲಿ ಅನ್ಯರು ಅನುಭವದಿಂದ ಬಲ್ಲ ಸಂಗತಿಗಳನ್ನು ಕುರಿತು ಕ್ರೈಸ್ತನು ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತಾಡಿದರೆ, ನಗೆಪಾಟಲಾಗುವುದು ಗ್ರಂಥವೇ ಎಂದು ಅವನು ಅಲ್ಲಿಯೇ ಎಚ್ಚರಿಸುತ್ತಾನೆ. ಡಾರ್ವಿನನು ಹುಟ್ಟುವುದಕ್ಕೆ ಸುಮಾರು ಹದಿನಾಲ್ಕು ಶತಮಾನ ಮೊದಲು ಬರೆದ ಮಾತುಗಳಿವು.

ಜೀವಿಗಳ ಅಂಗರಚನೆಯನ್ನೇ ದೇವರ ಇರವಿಗೆ ಸಾಕ್ಷಿಯಾಗಿ ಮುಂದಿಡುವ ವಾದವು ಪ್ರಬಲವಾದುದು ಇಂಗ್ಲೆಂಡಿನಲ್ಲಿ. ಸಸ್ಯಶಾಸ್ತ್ರಜ್ಞನೂ ದೀಕ್ಷಿತ ಪಾದ್ರಿಯೂ ಆಗಿದ್ದ ಜಾನ್ ರೇ 1691ರಲ್ಲಿ, ಸೃಷ್ಟಿಯ ಕಾರ್ಯಗಳಲ್ಲಿ ತೋರುವ ದೇವರ ಜ್ಞಾನವನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದನು. 1802ರಲ್ಲಿ ವಿಲಿಯಂ ಪೇಲಿ ಎಂಬ ಧರ್ಮಪಂಡಿತನು ಆ ವಾದಕ್ಕೆ ಪ್ರಸಿದ್ಧವಾದ ಉಪಮಾನವೊಂದನ್ನು ಕೊಟ್ಟನು. ಬಯಲಿನಲ್ಲಿ ಗಡಿಯಾರವೊಂದು ಬಿದ್ದಿರುವುದನ್ನು ಕಂಡರೆ, ಅದರ ಚಕ್ರಗಳ ಹೊಂದಾಣಿಕೆಯನ್ನು ನೋಡಿ, ಮಾಡಿದವನೊಬ್ಬನಿದ್ದಾನೆಂದು ಊಹಿಸುತ್ತೇವೆ. ಕಣ್ಣು ಗಡಿಯಾರಕ್ಕಿಂತಲೂ ಸೂಕ್ಷ್ಮವಾದುದು. ಹಾಗಾದರೆ ಅದಕ್ಕೆ ಕರ್ತೃವಿಲ್ಲವೇ? ಪೇಲಿ ಓದಿದ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿಯೇ ಮುಂದೆ ಚಾರ್ಲ್ಸ್ ಡಾರ್ವಿನನೂ ಓದಿದನು. ಪೇಲಿಯ ಬರಹಗಳ ತರ್ಕ ಆ ತರುಣನಿಗೆ ಬಹಳ ಹಿಡಿಸಿತ್ತು. ಜೀವಿಗಳಲ್ಲಿ ಕಾಣುವ ಹೊಂದಾಣಿಕೆಗೆ ವಿವರಣೆ ಬೇಕೆಂಬ ಆಗ್ರಹವನ್ನು ಡಾರ್ವಿನನು ಬೆಳೆಸಿಕೊಂಡುದು ದೇವರ ವಿನ್ಯಾಸವನ್ನು ಹಾಡಿ ಹೊಗಳಿದವನ ಪುಸ್ತಕಗಳ ನಡುವೆ. ಈ ಋಣವನ್ನು ಇಬ್ಬರ ಹಿಂಬಾಲಕರೂ ಮರೆಯುವುದುಂಟು.

ಇನ್ನು ಒಂದು ಹೂವಿನ ಕಥೆಗೆ ಬರುತ್ತೇನೆ. ನಮ್ಮ ಮಲೆನಾಡಿನ ಮರಗಳ ಮೇಲೆ ಅರಳುವ ಸೀತಾಳೆ ದಂಡೆಯನ್ನು ನೀವು ನೋಡಿರಬಹುದು. ಅದು ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಅದೇ ಕುಟುಂಬದ ಬಿಳಿಯ ಹೂವೊಂದು ಮಡಗಾಸ್ಕರ್ ದ್ವೀಪದಲ್ಲಿದೆ. ಆ ಹೂವಿನ ಹಿಂದೆ ಸುಮಾರು 30 ಸೆಂಟಿಮೀಟರ್ ಉದ್ದದ ಸಪೂರ ನಳಿಗೆ ಇಳಿಬಿದ್ದಿರುತ್ತದೆ. ಮಕರಂದವಿರುವುದು ಅದರ ತುದಿಯಲ್ಲಿ ಮಾತ್ರ. 1862ರ ಜನವರಿಯಲ್ಲಿ ಜೇಮ್ಸ್ ಬೇಟ್‌ಮನ್ ಎಂಬವನು ಈ ಹೂವನ್ನು ಡಾರ್ವಿನನಿಗೆ ಕಳುಹಿಸಿಕೊಟ್ಟನು. ಬೇಟ್‌ಮನ್ ಆರ್ಕಿಡ್ ಬೆಳೆಸುವುದರಲ್ಲಿ ಹೆಸರುವಾಸಿ, ನಿಷ್ಠಾವಂತ ಕ್ರೈಸ್ತ. ತನ್ನ ಮನೆಯಲ್ಲಿ ಪಳೆಯುಳಿಕೆಗಳನ್ನೂ ಶಿಲಾಪದರಗಳನ್ನೂ ಆದಿಕಾಂಡದ ಸೃಷ್ಟಿದಿನಗಳಿಗೆ ಹೊಂದಿಸಿ ಜೋಡಿಸಿದ್ದ ಪಡಸಾಲೆಯೊಂದನ್ನು ಅವನು ನಿರ್ಮಿಸಿದ್ದನು. ಇಂಥವನು ಕಳುಹಿಸಿದ ಹೂವನ್ನು ಪರೀಕ್ಷಿಸಿದ ಡಾರ್ವಿನನು, ಅಷ್ಟೇ ಉದ್ದದ ಹೀರುನಳಿಗೆಯುಳ್ಳ ಪತಂಗವೊಂದು ಮಡಗಾಸ್ಕರಿನಲ್ಲಿ ಇರಲೇಬೇಕು ಎಂದು ಅದೇ ವರ್ಷ ಪ್ರಕಟವಾದ ತನ್ನ ಆರ್ಕಿಡ್ ಗ್ರಂಥದಲ್ಲಿ ಬರೆದನು.

1867ರಲ್ಲಿ ಆರ್ಗೈಲಿನ ಡ್ಯೂಕ್ ಜಾರ್ಜ್ ಕ್ಯಾಂಬೆಲ್ ಇದಕ್ಕೆ ಪ್ರತಿಯಾಗಿ ಒಂದು ಪುಸ್ತಕ ತಂದನು. ಮರುವರ್ಷದಿಂದ 1874ರವರೆಗೆ ಬ್ರಿಟಿಷ್ ಸರಕಾರದಲ್ಲಿ ಭಾರತದ ಮಂತ್ರಿಯಾಗಿದ್ದವನು ಈತನೇ. ಹೂವಿನ ಇಂತಹ ಜಟಿಲ ರಚನೆ ಉದ್ದೇಶವುಳ್ಳ ಮನಸ್ಸೊಂದರ ಕೆಲಸವಲ್ಲದೆ ಬೇರೇನು ಎಂಬುದು ಅವನ ವಾದ. ಆಲ್ಫ್ರೆಡ್ ರಸೆಲ್ ವಾಲೇಸ್ ಅದೇ ವರ್ಷ ಉತ್ತರ ಬರೆದನು. ಉದ್ದ ನಳಿಗೆಯ ಹೂವು ಪತಂಗವನ್ನು ಆಳಕ್ಕೆ ಬಾಗಿಸಿ ಪರಾಗವನ್ನು ಅದರ ಮೈಗೆ ಅಂಟಿಸುತ್ತದೆ. ಉದ್ದ ನಾಲಿಗೆಯ ಪತಂಗಕ್ಕೆ ಹೆಚ್ಚು ಮಕರಂದ ದೊರೆಯುತ್ತದೆ. ಹೀಗೆ ತಲೆಮಾರುಗಳ ಮೇಲೆ ತಲೆಮಾರು ಎರಡೂ ಒಂದನ್ನೊಂದು ಉದ್ದವಾಗಿಸಿವೆ ಎಂದು ಅವನು ವಿವರಿಸಿದನು. ನೆಪ್ಚೂನ್ ಗ್ರಹವನ್ನು ಹುಡುಕಿದ ಖಗೋಳಜ್ಞರಷ್ಟೇ ಭರವಸೆಯಿಂದ ಆ ಪತಂಗವನ್ನು ಹುಡುಕಬಹುದೆಂದೂ ಹೇಳಿದನು. 1903ರಲ್ಲಿ ಮಡಗಾಸ್ಕರಿನ ಅಂತಹ ಪತಂಗವನ್ನು ವಿಜ್ಞಾನಿಗಳು ವರ್ಣಿಸಿ, ಮುಂದಾಗಿ ಹೇಳಲ್ಪಟ್ಟದ್ದು ಎಂಬ ಅರ್ಥದ 'ಪ್ರೆಡಿಕ್ಟಾ' ಎಂಬ ಲ್ಯಾಟಿನ್ ಹೆಸರನ್ನಿಟ್ಟರು.

ಹಾಗಾದರೆ ಡ್ಯೂಕ್ ಸೋತನೇ? ಹೂವು ಹೇಗಾಯಿತು ಎಂಬ ಪ್ರಶ್ನೆಯಲ್ಲಿ ವಾಲೇಸನ ಉತ್ತರವೇ ಉಳಿದಿದೆ. ಅದನ್ನು ಒಪ್ಪಿಕೊಳ್ಳಲು ಕ್ರೈಸ್ತನಿಗೆ ಸಂಕೋಚ ಬೇಕಿಲ್ಲ. ಆದರೆ ಹೂವೂ ಪತಂಗವೂ ಅವೆರಡನ್ನೂ ಹೊಂದಿಸಿದ ನಿಯಮವೂ ಇರುವುದೇತಕ್ಕೆ, ಅದು ನಮ್ಮ ಬುದ್ಧಿಗೆ ತಿಳಿಯುವಂತಿರುವುದೇತಕ್ಕೆ ಎಂಬ ಪ್ರಶ್ನೆ ಹಾಗೆಯೇ ಇದೆ. ವಿಶ್ವಾಸ ಮಾತಾಡುವುದು ಅಲ್ಲಿ. ಪೇಲಿಯ ವಾದದ ದೌರ್ಬಲ್ಯವೂ ಇಲ್ಲಿಯೇ ಕಾಣುತ್ತದೆ. ದೇವರನ್ನು ಗಡಿಯಾರ ಮಾಡುವ ಕುಶಲಕರ್ಮಿಯಂತೆ ಚಿತ್ರಿಸಿ, ನಮಗೆ ತಿಳಿಯದ ಎಡೆಗಳಲ್ಲೆಲ್ಲ ಅವನ ಕೈಯನ್ನು ತೋರಿಸಹೊರಟರೆ, ತಿಳಿವಳಿಕೆ ಹೆಚ್ಚಿದಷ್ಟೂ ದೇವರಿಗೆ ಸ್ಥಳ ಕಡಿಮೆಯಾಗುತ್ತ ಹೋಗುತ್ತದೆ. ಅಜ್ಞಾನದ ಮೇಲೆ ಕಟ್ಟಿದ ದೇಗುಲವದು. ಕಾರ್ಡಿನಲ್ ನ್ಯೂಮನ್ ಇದನ್ನು ಚೆನ್ನಾಗಿ ಕಂಡಿದ್ದನು: ತಾನು ವಿನ್ಯಾಸವನ್ನು ಕಂಡು ದೇವರನ್ನು ನಂಬಿದವನಲ್ಲ, ದೇವರನ್ನು ನಂಬಿದುದರಿಂದ ವಿನ್ಯಾಸವನ್ನು ಕಾಣುವವನು ಎಂಬರ್ಥದ ಮಾತನ್ನು 1870ರ ಪತ್ರವೊಂದರಲ್ಲಿ ಬರೆದಿದ್ದಾನೆ.

ಇದಕ್ಕಿಂತಲೂ ಕಠಿಣವಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚಿದರೆ ಈ ಭಾಷಣಕ್ಕೆ ಬೆಲೆಯಿಲ್ಲ. ಕೆಲವು ಕಣಜಗಳು ಜೀವಂತ ಕಂಬಳಿಹುಳುವಿನೊಳಗೆ ಮೊಟ್ಟೆಯಿಡುತ್ತವೆ. ಮರಿಗಳು ಆ ಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ಕರುಣಾಮಯನಾದ ದೇವರು ಇದನ್ನು ಬೇಕೆಂದೇ ರಚಿಸಿದನೆಂದು ಒಪ್ಪಲಾರೆನೆಂದು ಡಾರ್ವಿನನು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದನು. ಗ್ರೇ ಶ್ರದ್ಧಾವಂತ ಕ್ರೈಸ್ತ, ಜೊತೆಗೆ ಅಮೆರಿಕದಲ್ಲಿ ಡಾರ್ವಿನನ ಮೊದಲ ಸಮರ್ಥಕ. ನೈಸರ್ಗಿಕ ಆಯ್ಕೆಗೂ ದೈವಸಂಕಲ್ಪಕ್ಕೂ ವಿರೋಧವಿಲ್ಲವೆಂದು ಅವನು ಬರೆದ ಲೇಖನಗಳನ್ನು ಡಾರ್ವಿನನೇ ತನ್ನ ಹಣದಿಂದ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಹಂಚಿದನು, ತಾನು ಅದನ್ನು ಪೂರ್ತಿ ಒಪ್ಪದಿದ್ದರೂ. ಭಿನ್ನಾಭಿಪ್ರಾಯವುಳ್ಳವರ ನಡುವಿನ ಈ ಸೌಜನ್ಯವೇ ನಮ್ಮ ಮಕ್ಕಳಿಗೆ ಒಂದು ಪಾಠ. ಆದರೆ ಕಂಬಳಿಹುಳುವಿನ ಪ್ರಶ್ನೆಗೆ ಗ್ರೇಯಲ್ಲಿಯೂ ಪೂರ್ಣ ಉತ್ತರವಿರಲಿಲ್ಲ, ನನ್ನಲ್ಲಿಯೂ ಇಲ್ಲ. ಬೈಬಲ್ ಸಹ ಅದನ್ನು ಸುಲಭಗೊಳಿಸುವುದಿಲ್ಲ. ಬೇಟೆಗಾಗಿ ಗರ್ಜಿಸುವ ಎಳೆಯ ಸಿಂಹಗಳು ದೇವರಿಂದಲೇ ಆಹಾರ ಕೇಳುತ್ತವೆಂದು 104ನೆಯ ಕೀರ್ತನೆ ಹೇಳುತ್ತದೆ. ನೊಂದ ಯೋಬನಿಗೆ ದೇವರು ಕಾರಣ ತಿಳಿಸುವುದಿಲ್ಲ. ಕಾಡುಮೇಕೆ ಈಯುವ ಸಮಯವನ್ನು ನೀನು ಬಲ್ಲೆಯಾ ಎಂದು ಕೇಳುತ್ತಾನೆ. ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿ ನರಳುತ್ತಿದೆಯೆಂದು ಸಂತ ಪೌಲನು ರೋಮಿನವರಿಗೆ ಬರೆದನು. ಸೃಷ್ಟಿ ಒಳ್ಳೆಯದು, ಆದರೆ ಅದು ಇನ್ನೂ ಮುಗಿದಿಲ್ಲ. ಕ್ರೈಸ್ತನು ಈ ಎರಡು ಮಾತುಗಳ ನಡುವೆ ಬದುಕುತ್ತಾನೆ.

ದೂರದ ದ್ವೀಪದ ಹೂವಿನಿಂದ ಈಗ ನಮ್ಮ ತೋಟಕ್ಕೆ ಬರೋಣ. ಸುಮಾರು ಎರಡು ದಶಕಗಳ ಹಿಂದೆ ಕಾಸರಗೋಡು, ದಕ್ಷಿಣ ಕನ್ನಡಗಳ ಅಡಕೆ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿದ್ದ ಕಾಲವನ್ನು ನೀವು ಬಲ್ಲಿರಿ. ಬೆಲೆ ಏರಿದಾಗ ರಾತ್ರಿ ಕಾವಲು ಕಾದವರೂ, ಇಳಿದಾಗ ಬಳ್ಳಿ ಕಿತ್ತವರೂ ಈ ಸಭೆಯಲ್ಲಿರಬಹುದು. ವೆನಿಲ್ಲಾ ಸಹ ಆರ್ಕಿಡ್, ಮೆಕ್ಸಿಕೋ ಕಡೆಯದು. ಅಲ್ಲಿ ಅದರ ಪರಾಗವನ್ನು ಮುಟ್ಟಿಸುವ ಜೇನುನೊಣಗಳಿವೆ, ಇಲ್ಲಿಲ್ಲ. ಆದ್ದರಿಂದ ಬೆಳಿಗ್ಗೆ ಬೇಗ ತೋಟಕ್ಕಿಳಿದು, ಒಂದೇ ದಿನ ಅರಳಿರುವ ಹೂವಿನೊಳಗಿನ ಪರದೆಯನ್ನು ಕಡ್ಡಿಯಿಂದ ಎತ್ತಿ, ಪರಾಗವನ್ನು ಬೆರಳಿನಿಂದ ಒತ್ತಿದವರು ನೀವು, ನಿಮ್ಮ ತಾಯಂದಿರು. ಈ ವಿದ್ಯೆಯನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ವಿಜ್ಞಾನದ ಇತಿಹಾಸದಲ್ಲಿ ಹಲವರು ಶಾಲೆಯ ಮುಖವನ್ನೇ ಕಾಣದವರು ಎಂಬುದನ್ನು ಶತಮಾನದ ಶಾಲೆ ವಿನಯದಿಂದ ನೆನೆಯಬೇಕು. ಜೀವಿಗಳ ಹೊಂದಾಣಿಕೆ ಎಷ್ಟು ಅಮೂಲ್ಯವಾದುದೆಂದು ವೆನಿಲ್ಲಾ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಒಂದು ನೊಣ ಪುಕ್ಕಟೆಯಾಗಿ ಮಾಡುವುದನ್ನು ಹತ್ತು ಜನ ಕೂಲಿ ಕೊಟ್ಟು ಮಾಡಿಸಬೇಕಾಯಿತು.

ಅದೇ ಜಿಲ್ಲೆಯಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ, 2000ದ ವರೆಗೂ, ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಜೇನುನೊಣಗಳು ಕಾಣೆಯಾದುದನ್ನು ಗಮನಿಸಿ ಹೇಳಿದವರು ಹಳ್ಳಿಯ ಜನ. ಆ ಮೇಲೆ ಮಕ್ಕಳ ಮೈಯಲ್ಲಿ ಕಂಡುದನ್ನು ನಾನಿಲ್ಲಿ ವರ್ಣಿಸಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ತಡೆಯುವವರೆಗೂ ವಾದ ನಡೆದೇ ಇತ್ತು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದುದು ಅದನ್ನು ವ್ಯವಸಾಯ ಮಾಡಲು ಮತ್ತು ಕಾಯಲು. ಜೀವಿಗಳಲ್ಲಿ ದೇವರ ವಿನ್ಯಾಸವಿದೆ ಎಂದು ಬಾಯಲ್ಲಿ ಹೇಳುತ್ತ, ಆ ವಿನ್ಯಾಸ ಕಣ್ಣೆದುರೇ ಹರಿದುಹೋಗುವಾಗ ಸುಮ್ಮನಿರುವವನ ವಿಶ್ವಾಸವನ್ನು ನಾನು ಒಪ್ಪಲಾರೆ. ಆರನೆಯ ದಿನದ ಅವಧಿ ಎಷ್ಟು ಗಂಟೆ ಎಂದು ಜಗಳವಾಡುವವರಿಗಿಂತ, ಬತ್ತುತ್ತಿರುವ ಸುರಂಗದ ನೀರನ್ನೂ ಉಳಿದಿರುವ ಜೇನನ್ನೂ ಕಾಯುವವನು ಆದಿಕಾಂಡವನ್ನು ಚೆನ್ನಾಗಿ ಓದಿದ್ದಾನೆ. ಆತನ ಮತ ಯಾವುದಾದರೂ ಆಗಿರಲಿ.

ಗುರುಗಳಲ್ಲಿ ನನ್ನ ಬಿನ್ನಹ ಇಷ್ಟೇ. ವಿಕಾಸದ ಪಾಠವನ್ನು ಪೂರ್ಣವಾಗಿ, ನಿರ್ಭಯವಾಗಿ ಕಲಿಸಿರಿ. ಅದನ್ನು ಕಲಿಸುವಾಗ ದೇವರಿಲ್ಲವೆಂದು ಸಾಧಿಸುವ ಹೊಣೆಯನ್ನು ಆ ಪಾಠಕ್ಕೆ ಹೊರಿಸದಿರಿ. ಅದು ಅದರ ಕೆಲಸವಲ್ಲ. ಅನುವಂಶಿಕತೆಯ ನಿಯಮಗಳನ್ನು ಕಲಿಸುವಾಗ, ಅವುಗಳಿಗೆ ಆಧಾರವಾದ ಬಟಾಣಿ ಗಿಡಗಳ ಪ್ರಯೋಗವನ್ನು 1856ರಿಂದ 1863ರ ವರೆಗೆ ನಡೆಸಿದ ಗ್ರೆಗರ್ ಮೆಂಡಲ್ ಬ್ರನೋ ನಗರದಲ್ಲಿದ್ದ ಸಂತ ಅಗಸ್ಟೀನರ ಸಭೆಯ ಮಠದ ಸನ್ಯಾಸಿಯೆಂಬುದನ್ನೂ ತಿಳಿಸಿರಿ. ಮಠದ ಅಂಗಳದಲ್ಲಿ ಅವನು ಎಣಿಸಿದ ಕಾಳುಗಳು ಇಂದು ವಿಕಾಸವಾದದ ಅಡಿಪಾಯದಲ್ಲಿ ಸೇರಿವೆ.

ತಾಯಿತಂದೆಯರಲ್ಲಿಯೂ ಒಂದು ಮಾತು. ಮಗು ಬಂದು ಈ ಎರಡರಲ್ಲಿ ಯಾವುದು ನಿಜವೆಂದು ಕೇಳಿದರೆ ಗದರಬೇಡಿರಿ. ಸತ್ಯಕ್ಕೆ ಹೆದರಬೇಕಾದ ದೇವರು ದೇವರಲ್ಲವೆಂದು ಹೇಳಿರಿ. ಬಳಿಕ ಅದರ ಕೈ ಹಿಡಿದು ತೋಟಕ್ಕೆ ಕರೆದುಕೊಂಡು ಹೋಗಿ, ಒಂದು ಹೂವಿನ ಮುಂದೆ ಅದಕ್ಕೆ ಬೇಕಾದಷ್ಟು ಹೊತ್ತು ನಿಲ್ಲಲು ಬಿಡಿರಿ. ಗಮನವಿಟ್ಟು ನೋಡುವುದು ವಿಜ್ಞಾನದ ಆರಂಭ. ಪ್ರಾರ್ಥನೆಯ ಆರಂಭವೂ ಅದೇ.

ಗಡಿಯಂಚಿನಲ್ಲಿ ಕನ್ನಡದ ದೀಪವನ್ನು ನೂರು ವರ್ಷ ಆರದಂತೆ ಕಾಯ್ದ ಈ ಶಾಲೆಯು ಎರಡನೆಯ ಶತಮಾನದಲ್ಲಿಯೂ ಮಕ್ಕಳ ಪ್ರಶ್ನೆಗಳಿಗೆ ಕನ್ನಡದಲ್ಲಿಯೇ ಬಾಗಿಲು ತೆರೆದಿಟ್ಟಿರಲಿ ಎಂದು ಹಾರೈಸುತ್ತೇನೆ.