ಒಳಗಿನ ಕೋಣೆಯ ಬೆಡ್‌ಶೀಟ್

ಬಸ್ಸಿನಾಗ ಕೂತು ಕೇಳಾಕತ್ತಿದ್ರ ವಾಲ್ಯೂಮ್ ಸ್ವಲ್ಪ ಏರಿಸ್ರಿ. ಇವತ್ತು ನಾನು ಮೆಲ್ಲಗ ಮಾತಾಡೋನು, ಯಾಕಂದ್ರ ವಿಷಯಾ ನಂದೇ ಐತಿ.

2019ರ ಆಗಸ್ಟ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಏರಿದ್ದವು. ಕಲ್ಲೋಳ-ಯಡೂರ ಸೇತುವೆ ಕಾಣದಂಗಾಗಿತ್ತು. ಕುಡಚಿ ಸೇತುವೆ ಮುಳುಗಿತ್ತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿ ಮೇಲೇ ನೀರು. ನಾನಾಗ ಬಿ.ಕಾಂ ಮುಗಿಸಿ ಚಿಕ್ಕೋಡಿಯಲ್ಲಿ ಖಾಲಿ ಕೂತಿದ್ದೆ. ನಮ್ಮ ಚರ್ಚಿನ ಹುಡುಗರು ಅಕ್ಕಿ, ಬಿಸ್ಕಿಟ್, ಬೆಡ್‌ಶೀಟ್ ಕೂಡಿಸಿಕೊಂಡು ನದಿ ಕಡೆಯ ಒಂದು ಊರಿಗೆ ಹೋದೆವು. ಅಲ್ಲಿ ಶಾಲೆಯಲ್ಲೇ ಗಂಜಿ ಕೇಂದ್ರ. ಈಗೀಗ ಸರ್ಕಾರ ಅದಕ್ಕೆ ಕಾಳಜಿ ಕೇಂದ್ರ ಅನ್ನುತ್ತದೆ. ಕಾಳಜಿ. ಆ ಶಬ್ದ ನೆನಪಿರಲಿ.

ವಿಡಿಯೋ ಮಾಡೋದು ನನ್ನ ಪಾಲಿನ ಕೆಲಸ. ವರಾಂಡದಲ್ಲಿ ಬೆಳಕು ಚಲೋ ಇತ್ತು, ಅದಕ್ಕೇ ಸಾಲು ಅಲ್ಲೇ ಹಚ್ಚಿಸಿದೆ. ಒಬ್ಬ ಅಜ್ಜಿಗೆ ಬೆಡ್‌ಶೀಟ್ ಕೊಡುವಾಗ ಫೋನ್ ಅಲುಗಾಡಿತು. "ಅಜ್ಜೀ, ಇನ್ನೊಮ್ಮೆ ತಗೋರಿ" ಅಂದೆ. ಪಾಪ, ವಾಪಸ್ ಕೊಟ್ಟು ಮತ್ತೆ ತಗೊಂಡಳು. ಮೂರನೇ ಸಲ ಕೇಳಿದಾಗ ನನ್ನ ಮುಖ ನೋಡಿದಳು. "ತಮ್ಮಾ, ಇದನ್ನ ನನಗ ಎಷ್ಟ ಸಲಾ ಕೊಡ್ತಿ? ಒಳಗ ಬಾಣಂತಿ ಮಲಗ್ಯಾಳ, ಆಕಿಗಿ ಒಂದ ಸಲಾನೂ ಬಂದಿಲ್ಲ."

ಒಳಗಿನ ಕೋಣೆಯಲ್ಲಿ ಕರೆಂಟ್ ಇರಲಿಲ್ಲ. ಅಷ್ಟೊತ್ತಿಗೆ ಬೆಡ್‌ಶೀಟ್ ಖಾಲಿ. ಅಜ್ಜಿ ತನ್ನದನ್ನೇ ಒಳಗೆ ಒಯ್ದಳು. ಅದನ್ನು ನಾನು ಶೂಟ್ ಮಾಡಲಿಲ್ಲ. ನಾಚಿಕೆ ಆಗಿ ಬಿಟ್ಟೆ ಅಂತ ಹೇಳಬಹುದು. ಖರೇ ಹೇಳಬೇಕಂದ್ರ, ಕತ್ತಲಿತ್ತು.

ವಿಡಿಯೋ ಮಸ್ತ್ ಓಡಿತು. ಈ ಚಾನೆಲ್ಲಿಗೆ ಮೊದಲ ಸಾವಿರ ಮಂದಿ ಬಂದದ್ದೇ ಅದರಿಂದ. ಕಾಮರ್ಸ್ ಓದಿದವರಿಗೆ ಗೊತ್ತು, ಗುಡ್‌ವಿಲ್ ಅನ್ನೋದನ್ನ ಆಸ್ತಿ ಕಡೆ ಬರೀತಾರ. ನಾನೂ ಬರ್ಕೊಂಡೆ. ಸಾಲದ ಕಡೆ ಯಾರ ಹೆಸರು ಅಂತ ನೋಡಲಿಲ್ಲ.

ಪೌಲ ಸೆರೆಮನೆಯಿಂದ ಫಿಲಿಪ್ಪಿಯ ಸಭೆಗೆ ಬರೆದ ಪತ್ರ ಐತೆಲ್ಲ, ಅದರ ಎರಡನೇ ಅಧ್ಯಾಯ ನಮ್ಮಲ್ಲಿ ಭಾಳ ಸಲ ಓದಿಸ್ತಾರ. ತನ್ನವರನ್ನು ಕಳಿಸಬೇಕು ಅಂತ ಪೌಲ ಸುತ್ತ ನೋಡ್ತಾನ. ಎಲ್ಲರಿಗೂ ಅವರವರದೇ ಕೆಲಸ. ನಿಮ್ಮ ಬಗ್ಗೆ ಮನಸಾರೆ ಚಿಂತೆ ಮಾಡೋನು ತಿಮೊಥೆ ಒಬ್ಬನೇ, ಅಂತ ಬರೀತಾನ. ಗಮನಿಸ್ರಿ, ಆ 'ಎಲ್ಲರೂ' ಹೊರಗಿನವರಲ್ಲ, ಸಭೆಯವರೇ! ನನಗೆ ಹೆಚ್ಚು ಹಿಡಿಸಿದವ ಎಪಫ್ರೊದೀತ. ಸಭೆಯ ಕಾಣಿಕೆ ಪೌಲನಿಗೆ ಮುಟ್ಟಿಸಾಕ ಬಂದವ, ಕಾಯಿಲೆ ಬಿದ್ದು ಸಾಯೋ ಹಂತಕ್ಕೆ ಹೋಗಿದ್ದ. ಆದರೂ ಅವನಿಗೆ ಸಂಕಟ ಯಾವುದು? ತಾನು ಕಾಯಿಲೆ ಬಿದ್ದ ಸುದ್ದಿ ಊರಿಗೆ ಮುಟ್ಟೇತಿ, ಅವರು ಗಾಬರಿ ಆಗಿರ್ತಾರ ಅನ್ನೋದು. ನಾನಾಗಿದ್ರ ಆಸ್ಪತ್ರೆಯಿಂದ ಸೆಲ್ಫಿ ಹಾಕ್ತಿದ್ದೆ.

ಹತ್ತಿರದ್ದು ಹೇಳ್ತೀನಿ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅಥಣಿ, ರಾಯಬಾಗ ಕಡೆ ದೊಡ್ಡ ಬ್ಯಾನಿ ಬಂದ್ರ ಹಳಬರು ಈಗಲೂ "ಮಿರಜಿಗಿ ಒಯ್ಯಿರಿ" ಅಂತಾರ. ಆ ಮಾತಿನ ಬೇರು ಡಾಕ್ಟರ್ ವಿಲಿಯಂ ವಾನ್ಲೆಸ್. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಕಡೆಯಿಂದ 1889ರಲ್ಲಿ ಭಾರತಕ್ಕೆ ಬಂದವರು. ಮಿರಜದ ಆಸ್ಪತ್ರೆ 1894ರದ್ದು. ಸುಮಾರು ನಾಲ್ಕು ದಶಕ ದುಡಿದರು, 1928ರಲ್ಲಿ 'ಸರ್' ಪದವಿ ಸಿಕ್ಕಿತು.

"ಅವರಿಗೂ ಸ್ವಾರ್ಥ ಇತ್ತಲ್ಲ, ಮತಾಂತರ?" ಅಂತ ನೀವು ಕೇಳಬಹುದು. ಮಿಷನ್ ಸುವಾರ್ತೆ ಸಾರಾಕ ಬಂದದ್ದು ಹೌದು, ಮುಚ್ಚಿಡೋದೇನಿಲ್ಲ. ಹಣ ಕೊಟ್ಟ ಅಮೆರಿಕದವರಿಗೆ ಕೆಲಸದ ಸುದ್ದಿಯನ್ನೂ ಹೇಳಬೇಕಿತ್ತು. ವಾನ್ಲೆಸ್ ತಮ್ಮ ವೃತ್ತಿಯ ಬಗ್ಗೆ ಪುಸ್ತಕವನ್ನೇ ಬರೆದರು. ಅಂದ್ರ ಪ್ರಚಾರ ಅವರಿಗೂ ಬೇಕಿತ್ತು. ಬರೇ ನಿಸ್ವಾರ್ಥಿ ಅಂತ ಅವರನ್ನ ಗೋಡೆಗೆ ತೂಗುಹಾಕೋದು ನನಗೆ ಸೇರೋದಿಲ್ಲ. ಆದರೆ ಕಣ್ಣಿನ ಪೊರೆ ತೆಗೆಯೋ ಕೈ ನಡುವೆ ನಿಂತು ಇನ್ನೊಮ್ಮೆ ತೋರಿಸ್ರಿ ಅನ್ನಾಕ ಬರೋದಿಲ್ಲ. ಮರುದಿನ ಮತ್ತೆ ವಾರ್ಡಿಗೆ ಹೋಗಬೇಕು. ನಾನು ಆ ಶಾಲೆಗೆ ಮರುದಿನ ಹೋಗಲಿಲ್ಲ. ಅವತ್ತು ಎಡಿಟಿಂಗ್ ಇತ್ತು.

ಹೋದ ವಾರ ಆ ವಿಡಿಯೋ ಪ್ರೈವೇಟ್ ಮಾಡಿದೆ. ಮಾಡಿ ಹತ್ತು ನಿಮಿಷ ಆಗಿಲ್ಲ, 'ಇದನ್ನೇ ಒಂದು ಎಪಿಸೋಡ್ ಮಾಡಬಹುದಲ್ಲ' ಅಂತ ತಲೆಯೊಳಗೆ ಬಂತು. ಮಾಡಾಕತ್ತೀನಿ, ನೋಡ್ರಿ. ನಗಬ್ಯಾಡ್ರಿ. ಅವ್ವನಿಗೆ ಹೇಳಿದೆ. "ಮಾತಾಡು, ಆದ್ರ ಮಳಿ ಬಂದಾಗ ಹೋಗು" ಅಂದಳು, ಅಷ್ಟೇ, ಮತ್ತೆ ರೊಟ್ಟಿ ಬಡಿಯಾಕ ಹತ್ತಿದಳು.

ಈ ಸಲ ನೀರು ಏರಿದ್ರ ನಮ್ಮ ಹುಡುಗರು ನನಗೆ ಬೇರೆ ಕೆಲಸ ಕೊಟ್ಟಾರ. ಸಾಮಾನು ಇಳಿಸೋಕ ಮೊದಲು ಕೋಣೆ ಕೋಣೆಗೆ ಹೋಗಿ ಪಟ್ಟಿ ಬರೀಬೇಕು: ಬಾಣಂತಿಯರು, ಹಾಸಿಗೆ ಹಿಡಿದವರು, ಸಾಲಿಗೆ ಬರಾಕ ಆಗದವರು. ಒಂದು ನೋಟ್‌ಬುಕ್ಕು, ಎರಡು ಪೆನ್ನು, ಒಂದು ಬ್ಯಾಟರಿ ತಗೊಂಡಿಟ್ಟೀನಿ. ಒಳಗ ಕತ್ತಲ ಇರ್ತೈತಿ.