ಕೈಯೊಳಗಿನ ದೂರವಾಣಿ: ಅಗತ್ಯವೆಷ್ಟು, ಆಸೆಯೆಷ್ಟು?

(ಶತಮಾನೋತ್ಸವ ವರ್ಷದ ಕುಟುಂಬ ದಿನದಂದು ಧರ್ಮಕೇಂದ್ರದ ಸಭಾಭವನದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ನಾನು ಹಿರಿಯರ ತ್ಯಾಗವನ್ನು ಕುರಿತು ಮಾತನಾಡುವೆನೆಂದು ನೀವು ನಿರೀಕ್ಷಿಸಿರಬಹುದು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಸಮಿತಿಯವರು ನನಗೆ ವಹಿಸಿರುವುದು ಬೇರೊಂದು ಪ್ರಶ್ನೆ. ಈ ವರ್ಷ ಮನೆಗಳನ್ನು ಆಶೀರ್ವದಿಸಲು ಬಂದಾಗ ಬೀದಿಬೀದಿಯಲ್ಲೂ ನನ್ನ ಕಿವಿಗೆ ಬಿದ್ದ ಪ್ರಶ್ನೆ ಅದು. ಸ್ಮಾರ್ಟ್‌ಫೋನು, ಅದಕ್ಕೆ ಮೇಲಿಂದ ಮೇಲೆ ಹಾಕಿಸಬೇಕಾದ ಡೇಟಾ, ಹಗಲಿರುಳೆನ್ನದೆ ಬಂದು ಬೀಳುವ ಸಂದೇಶಗಳು, ಇವೆಲ್ಲ ನಮಗೆ ನಿಜವಾಗಿಯೂ ಬೇಕೇ? ತಂದೆಯೊಬ್ಬರು ಇದನ್ನು ಮಗನ ಮೇಲಿನ ಸಿಟ್ಟಿನಿಂದ ಕೇಳಿದರು. ಮಗನು ಬಾಯಿ ಬಿಡಲಿಲ್ಲ; ತಂದೆಯ ಕೈಯಲ್ಲಿದ್ದ ಫೋನಿನತ್ತ ನೋಡಿದನು, ಅಷ್ಟೇ.

ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳಿ ನಿಮ್ಮಿಂದ ಚಪ್ಪಾಳೆ ಪಡೆಯುವುದು ನನಗೆ ಸುಲಭ. ಆದರೆ ಹಾಗೆ ಹೇಳಲಾರೆ. 1980ರ ದಶಕದಲ್ಲಿ ನಾನು ಗುರುಮಠದಲ್ಲಿ ಓದುತ್ತಿದ್ದಾಗ ಮನೆಯಿಂದ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ತಂತಿ ಬಂತೆಂದರೆ ಒಡೆಯುವ ಮೊದಲೇ ಕೈ ನಡುಗುತ್ತಿತ್ತು. ನನ್ನ ತಂದೆ ತೀರಿಕೊಂಡ ತಂತಿ ನನ್ನ ಕೈ ಸೇರುವಷ್ಟರಲ್ಲಿ ಊರಿನಲ್ಲಿ ಅವರ ಮಣ್ಣೂ ಮುಗಿದಿತ್ತು. ಬಸ್ಸಿಳಿದು ನೇರವಾಗಿ ಸ್ಮಶಾನಕ್ಕೆ ನಡೆದೆ. ಆದುದರಿಂದ ಕಷ್ಟಸುಖದ ಸುದ್ದಿ ಕ್ಷಣಮಾತ್ರದಲ್ಲಿ ಮುಟ್ಟುವ ಈ ಕಾಲವನ್ನು ಹಳಿಯಲು ನನಗೆ ನಾಲಿಗೆ ಬರುವುದಿಲ್ಲ. ಆ ತಂತಿ ಸೇವೆಯೂ 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಕೊನೆಗೊಂಡಿತು.

ಈ ಬದಲಾವಣೆ ಎಷ್ಟು ಬೇಗ ಆಯಿತೆಂಬುದನ್ನು ನೆನಪಿಗೆ ತಂದುಕೊಳ್ಳಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. ಬರುವ ಕರೆಗಳು ಉಚಿತವಾದದ್ದು 2003ರಲ್ಲಿ. ಜಗತ್ತಿನ ಮೊದಲ ಕಿರುಸಂದೇಶ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋಯಿತು. ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯವೆಂಬುದು ನಮಗೆ ಸಂತೋಷದ ಸಂಗತಿ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಸೇವೆಯು ಮೊದಲ ಕೆಲವು ತಿಂಗಳು ಡೇಟಾವನ್ನು ಉಚಿತವಾಗಿ ನೀಡಿತು. ಉಚಿತವಾಗಿ ಬಂದುದು ಅಭ್ಯಾಸವಾಯಿತು, ಅಭ್ಯಾಸವಾದುದು ಅವಶ್ಯಕತೆಯಾಯಿತು, ಈಗ ಅದಕ್ಕೆ ಬೆಲೆ ತೆರುತ್ತಿದ್ದೇವೆ.

ನಮ್ಮ ಪ್ರಶ್ನೆಗೆ ಬರೋಣ. ಇದು ಒಂದು ಪ್ರಶ್ನೆಯಲ್ಲ, ಮೂರು. ದೂರವಾಣಿ ಬೇಕೇ? ಸಂದೇಶ ಬೇಕೇ? ಡೇಟಾ ಬೇಕೇ? ಅಂಗಡಿಯವರು ಇವನ್ನು ಒಂದೇ ಕಟ್ಟಾಗಿ ಕಟ್ಟಿ ಕೊಡುತ್ತಾರೆ. ಕಟ್ಟು ಬಿಚ್ಚಿ ನೋಡುವುದು ನಮ್ಮ ಕೆಲಸ.

ಮೊದಲನೆಯದಕ್ಕೆ ಉತ್ತರ ಸ್ಪಷ್ಟ. ಕೂಲಿಗೆ ಹೋದ ಗಂಡನಿಗೆ, ಹೆರಿಗೆಗೆ ದಿನ ತುಂಬಿದ ಮಗಳಿಗೆ, ಒಂಟಿಯಾಗಿರುವ ಮುದುಕಿಗೆ, ಕರೆ ಮಾಡುವ ಸಾಧನ ಬೇಕೇ ಬೇಕು. ಅದಕ್ಕೆ ಗುಂಡಿಗಳಿರುವ ಸಣ್ಣ ಫೋನು ಸಾಕು.

ಎರಡನೆಯದಕ್ಕೂ ಉತ್ತರ ಕಷ್ಟವಲ್ಲ. ಬ್ಯಾಂಕಿನಿಂದ ಬರುವ ಒ.ಟಿ.ಪಿ. ಸಂಖ್ಯೆ, ಗ್ಯಾಸ್ ಸಿಲಿಂಡರಿನ ಸೂಚನೆ, ಇವು ಸಾಧಾರಣ ಎಸ್ಸೆಮ್ಮೆಸ್ಸಾಗಿ ಸಣ್ಣ ಫೋನಿಗೂ ಬರುತ್ತವೆ. ಅವಕ್ಕೆ ಡೇಟಾ ಬೇಕಿಲ್ಲ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ ಕನ್ನಡ ಲಿಪಿಯಲ್ಲಿ 70 ಸಂಕೇತಗಳು ಮಾತ್ರ ಹಿಡಿಯುತ್ತವೆ. ಒತ್ತಕ್ಷರವೊಂದೇ ಮೂರು ಸಂಕೇತಗಳನ್ನು ನುಂಗುತ್ತದೆ. ಹಿಂದೆ ತಂತಿ ಕೊಡುವಾಗ ಪದಗಳನ್ನು ಎಣಿಸುತ್ತಿದ್ದಂತೆ ಇಲ್ಲಿಯೂ ಅಳತೆಯುಂಟು. ಅಳತೆಯಿದ್ದಾಗ ಮನುಷ್ಯನು ಬೇಕಾದುದನ್ನೇ ಬರೆಯುತ್ತಾನೆ. ಗುಂಪುಗಳಲ್ಲಿ ಬೆಳಗಾಗುವ ಮೊದಲೇ ನೂರಾರು ಹೂವಿನ ಚಿತ್ರಗಳು ಬಂದು ಬೀಳುವುದು ಅಳತೆಯಿಲ್ಲದ ಕಡೆ.

ಮೂರನೆಯದೇ ತೊಡಕಿನ ಪ್ರಶ್ನೆ. ಗಲ್ಫ್ ದೇಶದಲ್ಲಿ ದುಡಿಯುವ ಮಗನಿರುವ ತಾಯಿಯೊಬ್ಬರು ನಮ್ಮಲ್ಲಿದ್ದಾರೆ. ಮೊಮ್ಮಗುವನ್ನು ಅವರು ಇನ್ನೂ ಎತ್ತಿಕೊಂಡಿಲ್ಲ. ಭಾನುವಾರ ಸಂಜೆ ಫೋನಿನ ಗಾಜಿನಲ್ಲಿ ಆ ಮಗುವಿನ ಮುಖ ಕಂಡಾಗ ಅವರ ಮುಖದಲ್ಲಿ ಮೂಡುವ ಬೆಳಕನ್ನು ನಾನು ನೋಡಿದ್ದೇನೆ. ಅದನ್ನು ವಿಲಾಸವೆನ್ನಲು ನಾನು ಯಾರು? 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ದೇವಾಲಯಗಳೂ ಮುಚ್ಚಿದವು. ಮನೆಯಲ್ಲಿ ಕುಳಿತು ಪೂಜೆಯಲ್ಲಿ ಮನಸ್ಸಿಟ್ಟು ಭಾಗಿಯಾಗಲು ಈ ಯಂತ್ರವೇ ನಮಗೆ ನೆರವಾಯಿತು. ಅದೇ ವರ್ಷ ಮಲೆನಾಡಿನ ಮಕ್ಕಳು ಪಾಠ ಕೇಳಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತಿದ್ದನ್ನು ಪತ್ರಿಕೆಗಳಲ್ಲಿ ನೋಡಿದೆವು. ಆ ಮಕ್ಕಳಿಗೆ ಡೇಟಾ ಎಂದರೆ ಶಾಲೆಯೇ ಆಗಿತ್ತು.

ಆದರೆ ಲೆಕ್ಕವನ್ನೂ ನೋಡಬೇಕು. ನಾವು ತಿಂಗಳಿಗೆಂದು ಹಾಕಿಸುವ ಅನೇಕ ಯೋಜನೆಗಳ ಅವಧಿ 28 ದಿನ. ಹಾಗಾದರೆ ವರ್ಷಕ್ಕೆ 12 ಅಲ್ಲ, 13 ಬಾರಿ ಹಣ ಕಟ್ಟುತ್ತೇವೆ. ಮನೆಯಲ್ಲಿ ನಾಲ್ಕು ಫೋನುಗಳಿದ್ದರೆ 52 ಬಾರಿ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರವಿರುವ ಯೋಜನೆಯನ್ನು ಪ್ರತ್ಯೇಕವಾಗಿ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ವಿಧಿಸಿತು. 2025ರ ಜನವರಿಯಿಂದ ಕಂಪನಿಗಳು ಅಂಥ ಯೋಜನೆಗಳನ್ನು ತಂದವು. ಅಂಗಡಿಯಲ್ಲಿ ನಾವಾಗಿ ಕೇಳದಿದ್ದರೆ ಅದರ ಸುದ್ದಿಯೇ ನಮಗೆ ತಿಳಿಯದೆ ಹೋದೀತು. ಕೇಳಿರಿ. ಗುಂಡಿ ಫೋನಿನಿಂದಲೇ ಹಣ ಕಳುಹಿಸುವ ವ್ಯವಸ್ಥೆಯನ್ನೂ ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಆರಂಭಿಸಿದೆ.

ಹೀಗೆ ನೋಡಿದಾಗ ಒಬ್ಬರ ಅಗತ್ಯ ಮತ್ತೊಬ್ಬರಿಗೆ ಅನುಕೂಲ ಮಾತ್ರ. ಮೂರನೆಯವರಿಗೆ ಬರಿಯ ಆಸೆ. ನೆರೆಮನೆಯವರಿಗೆ ಇದೆಯೆಂಬುದು ಅಗತ್ಯಕ್ಕೆ ಸಾಕ್ಷಿಯಲ್ಲ. ಯಂತ್ರವನ್ನು ಒಂದು ವಾರ ಪೆಟ್ಟಿಗೆಯಲ್ಲಿಟ್ಟರೆ ಯಾವ ಕೆಲಸ ನಿಲ್ಲುತ್ತದೆ, ಯಾವ ಮನುಷ್ಯನಿಗೆ ತೊಂದರೆಯಾಗುತ್ತದೆ ಎಂದು ಕೇಳಿಕೊಳ್ಳಿ. ನಿಲ್ಲುವ ಕೆಲಸವಿದ್ದರೆ ಅದು ಅಗತ್ಯ. ಕೈ ಮಾತ್ರ ತಡಕಾಡಿದರೆ ಅದು ಚಟ.

ಇದನ್ನು ನಾನು ನಿಮಗೆ ಬೋಧಿಸುತ್ತಿರುವುದು ನಿರ್ದೋಷಿಯಾಗಿ ಅಲ್ಲ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಮಳೆಗಾಲದ ಒಂದು ರಾತ್ರಿ ನಡೆದ ಸಂಗತಿಯನ್ನು ಹೇಳುತ್ತೇನೆ. ಗುಂಪುಗಳ ಸಂದೇಶಗಳ ಸದ್ದಿನಿಂದ ಬೇಸತ್ತು ಫೋನಿನ ಗಂಟೆಯನ್ನು ಅಡಗಿಸಿದ್ದೆ. ಮಲಗುವ ಮುನ್ನ ಎಲ್ಲಿಯದೋ ಜಾತ್ರೆಯ ದೃಶ್ಯವನ್ನು ಅದರಲ್ಲಿ ನೋಡುತ್ತ ಕುಳಿತು, ನೋಡುತ್ತಲೇ ನಿದ್ರೆ ಹೋದೆ. ಮರಣಾವಸ್ಥೆಯಲ್ಲಿದ್ದ ಒಬ್ಬ ಹಿರಿಯರ ಮನೆಯಿಂದ ಅಂದು ರಾತ್ರಿ ಏಳು ಕರೆಗಳು ಬಂದವು. ಕೊನೆಗೆ ಅವರ ಮೊಮ್ಮಗ ಟಾರ್ಚ್ ಹಿಡಿದು ಎರಡು ಮೈಲಿ ಮಳೆಯಲ್ಲಿ ನಡೆದು ಬಂದು ನನ್ನ ಬಾಗಿಲು ಬಡಿದ. ನಾನು ಹೋದಾಗ ಅವರು ಬದುಕಿದ್ದರು. ಮಾತು ಮಾತ್ರ ನಿಂತಿತ್ತು. ಸಂಜೆಯಿಂದಲೂ "ಸ್ವಾಮಿಗಳಿಗೆ ಒಂದು ಮಾತು ಹೇಳಬೇಕು" ಎನ್ನುತ್ತಿದ್ದರಂತೆ. ಅಭ್ಯಂಗವನ್ನು ನೀಡಿ ಕೈ ಹಿಡಿದು ಕುಳಿತೆ. ಬೆಳಗಾಗುವ ಮೊದಲು ಅವರು ತೀರಿಕೊಂಡರು. ಆ ಮಾತು ಯಾವುದೆಂದು ನನಗೆ ತಿಳಿಯಲೇ ಇಲ್ಲ. ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಭಾರವಾಯಿತು.

ನನ್ನ ತಂದೆಯ ಸಾವಿನ ಸುದ್ದಿ ನನಗೆ ತಡವಾಗಿ ಬಂದದ್ದು ದಾರಿ ದೂರವಾದುದರಿಂದ. ಇಲ್ಲಿ ದಾರಿ ದೂರವಿರಲಿಲ್ಲ, ಯಂತ್ರ ತಲೆದಿಂಬಿನ ಪಕ್ಕದಲ್ಲೇ ಇತ್ತು, ದೂರವಿದ್ದವನು ನಾನು. ಬೇಡದ ಸಾವಿರ ಸದ್ದುಗಳಿಗೆ ಬಾಗಿಲು ತೆರೆದಿಟ್ಟಿದ್ದರಿಂದಲೇ ಬೇಕಾದ ಒಂದು ಕರೆಗೆ ಬಾಗಿಲು ಮುಚ್ಚಬೇಕಾಯಿತು. ಅಂದಿನಿಂದ ನನ್ನ ತಲೆದೆಸೆಯಲ್ಲಿ ಒಂದು ಗುಂಡಿ ಫೋನು ಇದೆ. ಅದರಲ್ಲಿ ಗುಂಪುಗಳಿಲ್ಲ, ಚಿತ್ರಗಳಿಲ್ಲ. ಅದರ ಸಂಖ್ಯೆ ದೇವಾಲಯದ ಸೂಚನಾ ಫಲಕದಲ್ಲಿದೆ. ಎಷ್ಟು ಹೊತ್ತಿಗಾದರೂ ಕರೆಯಿರಿ.

ಇನ್ನು ನಾವು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸಿ ಮುಗಿಸುತ್ತೇನೆ.

ಮೊದಲನೆಯದಾಗಿ, ಸ್ಮಾರ್ಟ್‌ಫೋನು ಇಲ್ಲದವರನ್ನು ಈ ಧರ್ಮಕೇಂದ್ರದಲ್ಲಿ ಯಾರೂ ಹೊರಗಿನವರನ್ನಾಗಿ ಮಾಡಬಾರದು. ಪ್ರಕಟಣೆಗಳೆಲ್ಲವೂ ಮುಂಚಿನಂತೆ ಪೂಜೆಯ ಕೊನೆಯಲ್ಲಿ ಓದಲ್ಪಡುವುವು, ಫಲಕದಲ್ಲಿಯೂ ಇರುವುವು. "ಗುಂಪಿನಲ್ಲಿ ಹಾಕಿದ್ದೆವು" ಎಂಬ ಉತ್ತರವನ್ನು ನಮ್ಮ ಸಂಘಗಳವರು ಯಾರಿಗೂ ಕೊಡಕೂಡದು.

ಎರಡನೆಯದಾಗಿ, ಭಾನುವಾರದ ಎರಡನೆಯ ಪೂಜೆಯ ತರುವಾಯ ಇಬ್ಬರು ಯುವಕ ಯುವತಿಯರು ಈ ಸಭಾಭವನದಲ್ಲಿ ಕುಳಿತು ಹಿರಿಯರ ಅರ್ಜಿ, ಪಿಂಚಣಿ ಮುಂತಾದ ಕೆಲಸಗಳಿಗೆ ನೆರವಾಗಲಿ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲಿಯೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಸುಲಿಯುವ ವಂಚನೆ ಹಬ್ಬಿದೆ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಒ.ಟಿ.ಪಿ.ಯನ್ನು ಕರೆ ಮಾಡಿದವರಾರಿಗೂ ಹೇಳಬೇಡಿ. ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ದೂರು ಕೊಡಿ.

ಮೂರನೆಯದಾಗಿ, ಸಂಜೆಯ ಜಪಸರ ಮತ್ತು ಊಟದ ಹೊತ್ತಿನಲ್ಲಿ ಮನೆಯ ಫೋನುಗಳೆಲ್ಲ ಒಂದು ಮೂಲೆಯಲ್ಲಿರಲಿ. ಆಪತ್ತಿನ ಕರೆಗೆ ಒಂದರ ಗಂಟೆ ಮಾತ್ರ ಬಾರಿಸಲಿ. ಮೊದಲು ತಂದೆಯದು, ಆಮೇಲೆ ತಾಯಿಯದು, ಕೊನೆಗೆ ಮಕ್ಕಳದು. ಈ ಕ್ರಮ ತಪ್ಪಿದರೆ ನಿಯಮ ಒಂದು ವಾರವೂ ನಿಲ್ಲದು.

ನೂರು ವರ್ಷಗಳ ಹಿಂದೆ ಈ ದೇವಾಲಯದ ಗಂಟೆಯನ್ನು ಕಟ್ಟಿದ ಹಿರಿಯರು ಅದನ್ನು ದಿನವಿಡೀ ಬಾರಿಸಲಿಲ್ಲ. ಹೊತ್ತುಹೊತ್ತಿಗೆ ಬಾರಿಸಿದರು, ಸಾವಿಗೊಂದು ಬಗೆ, ಹಬ್ಬಕ್ಕೊಂದು ಬಗೆ. ಆದುದರಿಂದಲೇ ಗಂಟೆಯ ದನಿ ಕೇಳಿದಾಗ ಹೊಲದಲ್ಲಿದ್ದವನೂ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದನು. ನಮ್ಮ ಕೈಯೊಳಗಿನ ಗಂಟೆಯೂ ಹಾಗೆ ಬೇಕಾದಾಗ ಮಾತ್ರ ಬಾರಿಸಲಿ; ಬಾರಿಸಿದಾಗ ನಾವು ಎದ್ದು ಹೋಗುವಂತಾಗಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.