ಗುಳ್ಳೆಯ ಆಳ



ಹೆರಿಗೆ ವಾರ್ಡಿನಲ್ಲಿ ಮೈತುಂಬ ನೀರುಗುಳ್ಳೆ ಎದ್ದ ಕೂಸನ್ನು ತೋರಿಸಿ ಅಜ್ಜಿಯಂದಿರು ಕೇಳುವುದು ಒಂದೇ ಮಾತು: ‘ಉಳಿಯುತ್ತಾ ಡಾಕ್ಟ್ರೇ?’ ಮೊದಲ ದಿನವೇ ಕಣ್ಣಳತೆಯಲ್ಲಿ ಅದಕ್ಕೆ ಉತ್ತರ ಹೇಳಿಬಿಡಬಾರದು. ಇಷ್ಟನ್ನು ಹೇಳಲೆಂದೇ ನಾನಿಲ್ಲಿ ನಿಂತಿದ್ದೇನೆ.

ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ವಂಶವಾಹಿ ಕಾಯಿಲೆಯಿದೆ. ವಾರ್ಡಿನಲ್ಲಿ ಅದಕ್ಕೆ ಇಬಿ ಎನ್ನುತ್ತೇವೆ. ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನು ಇದರಲ್ಲಿ ಕೆಟ್ಟಿರುತ್ತದೆ. ಬಟ್ಟೆ ತಾಕಿ ಉಜ್ಜಿದರೂ ಸಾಕು, ಪದರ ಬಿಟ್ಟು ನೀರು ತುಂಬುತ್ತದೆ. ಎಷ್ಟು ಆಳದಲ್ಲಿ ಬಿಟ್ಟಿತು ಎಂಬುದರ ಮೇಲೆ ಮಗುವಿನ ಮುಂದಿನ ಬದುಕು ನಿಂತಿದೆ. ಹೊರಪದರದೊಳಗೇ ಬಿಟ್ಟರೆ ಸಿಂಪ್ಲೆಕ್ಸ್. ಸಾಮಾನ್ಯವಾಗಿ ಕೆರಾಟಿನ್ 5 ಅಥವಾ 14ರ ದೋಷ. ಎರಡು ಪದರ ಕೂಡುವಲ್ಲಿ ಬಿಟ್ಟರೆ ಜಂಕ್ಷನಲ್. ಅದಕ್ಕೂ ಕೆಳಗೆ, ಕೊಲಾಜೆನ್ 7 ಕೆಟ್ಟು ಬಿಟ್ಟರೆ ಡಿಸ್ಟ್ರೋಫಿಕ್. ಅದರ ಉಗ್ರ ಬಗೆಯಲ್ಲಿ ಗಾಯ ಮಾಯುತ್ತ ಮಾಯುತ್ತ ಬೆರಳುಗಳೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಕಣ್ಣು ಮೋಸಹೋಗುವುದು ಇಲ್ಲೇ. ಉಗ್ರ ಸಿಂಪ್ಲೆಕ್ಸ್ ಇದ್ದ ಕೂಸು ಸುಟ್ಟ ಮೈಯಂತೆ ಕಾಣುತ್ತದೆ. ಆದರೆ ಮೊದಲ ತಿಂಗಳುಗಳ ಸೋಂಕಿನ ಗಂಡಾಂತರ ದಾಟಿದರೆ, ಬೆಳೆದಂತೆ ಗುಳ್ಳೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಉಗ್ರ ಜಂಕ್ಷನಲ್ ಇದ್ದ ಕೂಸಿಗೆ ಹುಟ್ಟಿದಾಗ ಉಗುರಿನ ಬುಡದಲ್ಲಿ ನಾಲ್ಕಾರು ಗುಳ್ಳೆ ಮಾತ್ರ ಇರಬಹುದು. ಅಳುವಾಗ ದನಿ ಒಡೆದು ಗೊಗ್ಗರಾದರೆ ನನಗೆ ಎದೆ ಝಲ್ಲೆನ್ನುತ್ತದೆ. ಗಂಟಲೊಳಗಿನ ಪದರವೂ ಬಿಡುತ್ತಿದೆ ಎಂದರ್ಥ. ಇಂಥವರಲ್ಲಿ ಹೆಚ್ಚಿನ ಮಕ್ಕಳು ಎರಡು ವರ್ಷ ಕಾಣುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಗುಳ್ಳೆ ಎಣಿಸಿ, ಒಂದು ಕೂಸಿನ ಆಸೆ ಬಿಡಿ ಎಂದಿದ್ದೆ. ಮರುವರ್ಷ ಅದು ತಾಯಿಯ ಕೈ ಹಿಡಿದು ಹೊರರೋಗಿ ವಿಭಾಗಕ್ಕೆ ನಡೆದು ಬಂತು. ಆ ಒಂದು ವರ್ಷ ಆ ತಾಯಿ ಹೇಗೆ ನಿದ್ದೆ ಮಾಡಿದಳೋ, ನನಗೆ ಕೇಳುವ ಧೈರ್ಯವಾಗಲಿಲ್ಲ.

ಆಳ ತಿಳಿಯಬೇಕಾದರೆ ಹೊಸ ಗುಳ್ಳೆಯ ಅಂಚಿನ ಚೂರು ಚರ್ಮ ಬೇಕು. ಹಳೆಯದು ಬೇಡ, ಮಾಯತೊಡಗಿದ ಗುಳ್ಳೆ ತಪ್ಪು ಹೇಳುತ್ತದೆ. ಪ್ರತಿದೀಪ್ತಿ ಪರೀಕ್ಷೆಯಲ್ಲಿ ಸೀಳಿನ ಜಾಗ ಕಾಣುತ್ತದೆ. ಜೀನ್ ಪರೀಕ್ಷೆ ಕಾರಣವನ್ನು ಹೇಳುತ್ತದೆ.

ಮೈಗೆ ಪಾರದರ್ಶಕ ಪೊರೆ ಸುತ್ತಿಕೊಂಡು ಹುಟ್ಟುವ ಕೊಲೋಡಿಯನ್ ಕೂಸುಗಳಲ್ಲೂ, ಮೊದಲ ನೋಟಕ್ಕೇ ತೀರ್ಪು ಹೇಳಬಾರದೆಂಬ ಇದೇ ಪಾಠ. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಪೊರೆ ಕಳಚಿದ ಮೇಲೆ ಬಹುಮಟ್ಟಿಗೆ ಸಹಜ ಚರ್ಮ ಉಳಿಯುತ್ತದೆ. ಮೈಯೆಲ್ಲ ದಪ್ಪ ಚರ್ಮ ಬಿರಿದು ಹುಟ್ಟುವ, ಸಾವು ಖಚಿತವೆಂದೇ ಒಮ್ಮೆ ಭಾವಿಸಿದ್ದ ಹಾರ್ಲೆಕ್ವಿನ್ ಇಕ್ತಿಯೋಸಿಸ್‌ನಲ್ಲೂ, 2011ರಲ್ಲಿ ಪ್ರಕಟವಾದ 45 ಮಕ್ಕಳ ಪರಿಶೀಲನೆಯಲ್ಲಿ 25 ಮಂದಿ ಬದುಕಿದ್ದರು.

ನಮ್ಮ ಕಡೆ ಇಂಥ ಕೂಸು ಹುಟ್ಟಿದರೆ ನಾಗದೋಷ, ಗ್ರಹಣ ಎಂದು ಬಾಣಂತಿಯನ್ನು ದೂರುವವರುಂಟು. ಇದು ನನಗೆ ಸಹಿಸಲಾಗದ ಅನ್ಯಾಯ. ಜಂಕ್ಷನಲ್‌ನಂಥ ರೋಗದಲ್ಲಿ ತಂದೆತಾಯಿ ಇಬ್ಬರಿಂದಲೂ ಜೀನಿನ ಒಂದೊಂದು ದೋಷಪ್ರತಿ ಬಂದಿರುತ್ತದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ ಆ ಪ್ರತಿಗಳು ಜೊತೆಗೂಡುವುದು ಸುಲಭ.

ಇಬಿ ಎಂಬ ಸಂಶಯ ಬಂದರೆ ವರದಿಗೆ ಕಾಯದೆ ಮಾಡುವ ಕೆಲಸ ಬಹಳಿದೆ. ಹೊಕ್ಕುಳಿನ ಪ್ಲಾಸ್ಟಿಕ್ ಕ್ಲಿಪ್ಪು ತೆಗೆದು ದಾರ ಕಟ್ಟಿ. ಅಂಟುವ ಪ್ಲಾಸ್ಟರು ಬೇಡ. ಶುದ್ಧ ಸೂಜಿಯಿಂದ ಗುಳ್ಳೆಯ ನೀರು ಇಳಿಸಿ, ಮೇಲಿನ ಸಿಪ್ಪೆ ಹಾಗೇ ಇರಲಿ. ಎಣ್ಣೆ ತೀಡಿ ನೀರು ಹಾಕುವ ಶಾಸ್ತ್ರ ಸದ್ಯ ನಿಲ್ಲಲಿ. ಕಂಕುಳಿಗೆ ಕೈಹಾಕಿ ಎತ್ತಬೇಡಿ. ಮೆತ್ತನೆಯ ದಿಂಬಿನ ಮೇಲೆ ಮಲಗಿಸಿ, ದಿಂಬಿನ ಸಮೇತ ತಾಯಿಯ ಮಡಿಲಿಗೆ ಕೊಡಿ.